ಮಳೆಯ ಸುದ್ದಿಯೂ ನಿಸ್ತಂತು ಹವ್ಯಾಸಿಗಳೂ

ವರಾಹಮಿಹಿರನ ಬೃಹತ್ಸಂಹಿತೆಯ ಎರಡನೆಯ ಅಧ್ಯಾಯದಲ್ಲಿ, ದೈವಜ್ಞನಿಗೆ ಇರಬೇಕಾದ ಗುಣಗಳನ್ನು ಹೇಳುವ ಪ್ರಸಂಗದಲ್ಲಿ, ಪಾಠ ಹೇಳುವವರು ಸಾಮಾನ್ಯವಾಗಿ ಬೇಗನೆ ದಾಟಿಹೋಗುವ ಒಂದು ಗದ್ಯಭಾಗವುಂಟು. ಹಗಲಿರುಳೂ ನಿಮಿತ್ತಗಳನ್ನು ಗಮನಿಸುವುದು ಒಬ್ಬನಿಂದ ಆಗುವ ಕೆಲಸವಲ್ಲ. ಆದುದರಿಂದ ಚೆನ್ನಾಗಿ ಪೋಷಿತನಾದ ದೈವಜ್ಞನು ವಿಷಯವನ್ನು ಬಲ್ಲ ಇನ್ನು ನಾಲ್ವರನ್ನು ಇಟ್ಟುಕೊಳ್ಳಬೇಕು. ಒಬ್ಬನು ಪೂರ್ವ ಆಗ್ನೇಯಗಳನ್ನೂ, ಮತ್ತೊಬ್ಬನು ದಕ್ಷಿಣ ನೈರೃತ್ಯಗಳನ್ನೂ, ಮೂರನೆಯವನು ಪಶ್ಚಿಮ ವಾಯವ್ಯಗಳನ್ನೂ, ನಾಲ್ಕನೆಯವನು ಉತ್ತರ ಈಶಾನ್ಯಗಳನ್ನೂ ನೋಡುತ್ತಿರಬೇಕು. ಏಕೆಂದರೆ ಉಲ್ಕಾಪಾತಾದಿಗಳು ಬೇಗನೆ ಮರೆಯಾಗಿ ಹೋಗುವುವು ಎಂಬುದು ಅದರ ತಾತ್ಪರ್ಯ. ಈ ಭಾಗವನ್ನು ನಾನೂ ಹಲವು ವರ್ಷ ಹಾಗೆಯೇ ದಾಟಿಸಿದವನು. ಜ್ಯೋತಿಷಿಗಳ ಸಂಬಳದ ಮಾತೆಂದು ಭಾವಿಸಿದ್ದೆನೇ ಹೊರತು, ಒಂದು ಶಾಸ್ತ್ರದ ಮೂಲಸೂತ್ರವೇ ಅಲ್ಲಿ ಅಡಗಿದೆಯೆಂದು ತೋರಿರಲಿಲ್ಲ. ಈಚೆಗೆ ಬೆಂಗಳೂರಿನ ಪಶ್ಚಿಮಭಾಗದಲ್ಲಿ ನಿಸ್ತಂತು ಹವ್ಯಾಸಿಗಳ ಸಹವಾಸವಾದ ಮೇಲೆ ಅದನ್ನು ಹೊಸದಾಗಿ ಓದಬೇಕಾಯಿತು.

ಮಳೆಯ ವಿಷಯದಲ್ಲಿ ನಮ್ಮ ಪೂರ್ವಿಕರು ಮಾಡಿದ ಕಾರ್ಯವು ಎರಡು ಬಗೆಯದು: ಅಳೆಯುವುದು, ಮುನ್ನುಡಿಯುವುದು. ಅಳೆಯುವುದಕ್ಕೆ ಕೌಟಿಲ್ಯನೇ ಸಾಕ್ಷಿ. ಕೋಷ್ಠಾಗಾರದಲ್ಲಿ ಒಂದು ಅರತ್ನಿಯಷ್ಟು ಬಾಯಿಯುಳ್ಳ ಕುಂಡವನ್ನು ವರ್ಷಮಾನಕ್ಕಾಗಿ ಇಡಬೇಕೆಂದು ಅವನು ವಿಧಿಸಿರುತ್ತಾನೆ. ಸೀತಾಧ್ಯಕ್ಷನ ಪ್ರಕರಣದಲ್ಲಿ ಜಾಂಗಲದೇಶಕ್ಕೆ 16 ದ್ರೋಣ, ಆನೂಪಕ್ಕೆ ಅದರ ಒಂದೂವರೆಯಷ್ಟು, ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ 23 ಎಂದು ದೇಶಭೇದದಿಂದ ಮಳೆಯ ಪ್ರಮಾಣವನ್ನು ಕೊಟ್ಟಿದ್ದಾನೆ. ಈ ಗ್ರಂಥವು ಲೋಕಕ್ಕೆ ಮರಳಿ ದೊರೆತುದು ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಿಂದ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದಾಗ, ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ನೆನಪಿಸಬೇಕಾಗಿಲ್ಲ. ವರಾಹಮಿಹಿರನೂ ಒಂದು ಹಸ್ತ ಅಗಲದ ಪಾತ್ರೆಯಲ್ಲಿ ಮಳೆಯನ್ನು ಹಿಡಿದು ಪಲ, ಆಢಕ, ದ್ರೋಣಗಳಿಂದ ಎಣಿಸುವ ಕ್ರಮವನ್ನು ಹೇಳುತ್ತಾನೆ.

ಮುನ್ನುಡಿಯುವ ಕಾರ್ಯಕ್ಕೆ ಕನ್ನಡದಲ್ಲಿಯೇ ದೊಡ್ಡ ಪರಂಪರೆಯಿದೆ. ಸುಮಾರು 1300ರಲ್ಲಿದ್ದ ಜೈನಕವಿ ರಟ್ಟನ 'ರಟ್ಟಮತ'ವು ಮಳೆ, ಮಿಂಚು, ಭೂಕಂಪ, ಗ್ರಹಚಾರ, ಶಕುನಗಳನ್ನು ಕುರಿತ ಗ್ರಂಥ. ಇನ್ನು ರೈತರ ಬಾಯಲ್ಲಿ ವರ್ಷವನ್ನೆಲ್ಲ ಮಳೆನಕ್ಷತ್ರಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನಗಳನ್ನು ಹಂಚಿ, ಭರಣಿಗೂ ಧರಣಿಗೂ ಪ್ರಾಸ ಹೊಂದಿಸಿದ ಗಾದೆಗಳು ಇಂದಿಗೂ ಬದುಕಿರುವುವು.

ಆದರೆ ಇವೆರಡರ ನಡುವೆ ಮೂರನೆಯದೊಂದು ಕಾರ್ಯವುಂಟು. ಒಂದು ಕಡೆ ಈಗ ತಾನೇ ಬೀಳುತ್ತಿರುವ ಮಳೆಯ ಸುದ್ದಿಯನ್ನು, ಅದರಿಂದ ಬಾಧೆಗೊಳಗಾಗಬಹುದಾದ ಮತ್ತೊಂದು ಕಡೆಗೆ, ನೀರು ಹೋಗುವುದಕ್ಕೆ ಮೊದಲೇ ಮುಟ್ಟಿಸುವುದು. ಇದು ಅಳತೆಯೂ ಅಲ್ಲ, ಭವಿಷ್ಯವೂ ಅಲ್ಲ, ಸುದ್ದಿ. ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ವಿಧಿಯಿಲ್ಲ. ಸಕಲ ವಿದ್ಯೆಗಳೂ ಪುರಾತನರಲ್ಲಿ ಇದ್ದುವೆಂದು ಸಾಧಿಸುವ ಚಾಪಲ್ಯವು ನಮ್ಮವರಲ್ಲಿ ಕೆಲವರಿಗೆ ಉಂಟು. ನಾನು ಆ ಪಕ್ಷದವನಲ್ಲ. ವರಾಹಮಿಹಿರನ ನಾಲ್ವರು ದಿಕ್ಕುಗಳನ್ನು ನೋಡಬಲ್ಲರು. ನೋಡಿದುದನ್ನು ನಾಲ್ಕು ಹರದಾರಿ ಆಚೆಯವನಿಗೆ ಅದೇ ಗಳಿಗೆಯಲ್ಲಿ ಹೇಳಬಲ್ಲವರಲ್ಲ. ಅವನ ಸೂತ್ರದಲ್ಲಿ ಅರ್ಧವಿತ್ತು. ಉಳಿದರ್ಧವು ಕೈಗೂಡುವುದಕ್ಕೆ ಸಾವಿರದ ಮುನ್ನೂರು ವರ್ಷ ಹಿಡಿಯಿತು.

ಆ ಉಳಿದರ್ಧದ ಇತಿಹಾಸವು ತಂತಿಯಿಂದ ಮೊದಲಾಗುತ್ತದೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಜೋಸೆಫ್ ಹೆನ್ರಿಯು 1849ರ ಸುಮಾರಿಗೆ ವೇತನವಿಲ್ಲದ ವೀಕ್ಷಕರನ್ನು ಕೂಡಿಸಿ, ತಂತಿಯ ಮೂಲಕ ಹವೆಯ ವರದಿಗಳನ್ನು ತರಿಸತೊಡಗಿದನು. ಇಂಗ್ಲೆಂಡಿನಲ್ಲಿ ಜಿ. ಜೆ. ಸೈಮನ್ಸ್ ಎಂಬವನು 1860ರಲ್ಲಿ ಮಳೆಯ ಲೆಕ್ಕವನ್ನು ಆರಂಭಿಸಿ, 1900ರಲ್ಲಿ ತೀರಿಕೊಳ್ಳುವ ವೇಳೆಗೆ ಮೂರು ಸಾವಿರಕ್ಕೂ ಮಿಕ್ಕ ವೀಕ್ಷಕರನ್ನು ಸಂಪಾದಿಸಿದ್ದನು. ಇವರಲ್ಲಿ ಪಾದ್ರಿಗಳೂ ವೈದ್ಯರೂ ಉಪಾಧ್ಯಾಯರೂ ತೋಟಗಾರರೂ ಇದ್ದರು. ನಮ್ಮ ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾದ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ಏರ್ಪಟ್ಟು, ಮಳೆಯ ಲೆಕ್ಕವು ವರ್ಷವರ್ಷವೂ ಮುದ್ರಿತವಾಗತೊಡಗಿತು. ಇವು ಉತ್ತಮ ದಾಖಲೆಗಳೇ ಸರಿ. ಆದರೆ ವರ್ಷಾಂತ್ಯದಲ್ಲಿ ಅಚ್ಚಾಗುವ ಲೆಕ್ಕವು ಇತಿಹಾಸಕಾರನಿಗೆ ಪ್ರಯೋಜನವೇ ಹೊರತು ಹೊಳೆಯ ದಂಡೆಯವನಿಗಲ್ಲ.

ತಂತಿಯ ಹಂಗಿಲ್ಲದೆ ಮಾತನಾಡುವ ಹವ್ಯಾಸಿಗಳು ಭಾರತದಲ್ಲಿ ಮೊದಲು ಕಾಣಿಸಿಕೊಂಡುದು ಕಲ್ಕತ್ತೆಯಲ್ಲಿ, 1921ರಲ್ಲಿ. ಅಮರೇಂದ್ರಚಂದ್ರ ಗುಪ್ತು, ಮುಕುಲ್ ಬೋಸ್ ಎಂಬಿಬ್ಬರ ಹೆಸರು ಉಳಿದಿದೆ. 1939ರಲ್ಲಿ ಮಹಾಯುದ್ಧವು ಆರಂಭವಾಗಲು ಬ್ರಿಟಿಷ್ ಸರಕಾರವು ಹವ್ಯಾಸಿಗಳ ಪರವಾನಗಿಗಳನ್ನು ರದ್ದುಪಡಿಸಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಅಖಿಲಭಾರತದ ಹವ್ಯಾಸಿ ರೇಡಿಯೋ ಸಂಘವು ಹುಟ್ಟಿತು.

ಕನ್ನಡನಾಡಿನ ಕಥೆಯು ಇದಕ್ಕಿಂತ ಸ್ವಾರಸ್ಯವುಳ್ಳದು. 1935ನೆಯ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 'ವಿಠಲ ವಿಹಾರ'ವೆಂಬ ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರೇಷಕವೊಂದನ್ನು ಇಟ್ಟುಕೊಂಡು ಬಾನುಲಿಯನ್ನು ಆರಂಭಿಸಿದರು. ಸರಕಾರದ ಆಜ್ಞೆಯಿಲ್ಲ, ವ್ಯಾಪಾರದ ಲಾಭವಿಲ್ಲ. ಒಬ್ಬ ಮೇಷ್ಟರ ಹುಚ್ಚು ಮಾತ್ರ. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸಂದಿತು. ಆರೇಳು ವರ್ಷಗಳ ತರುವಾಯ ಸಂಸ್ಥಾನವು ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯವು ಬೆಂಗಳೂರಿಗೆ ಬಂದಿತು. ಹೆಸರು ದೇಶಕ್ಕೆಲ್ಲ ಆಯಿತು.

ಹೆಸರಿನ ಮಾತು ಬಂದುದರಿಂದ ಒಂದು ವಿಚಾರ. ಪುರಾಣದಲ್ಲಿ ಕಂಸನಿಗೆ ಕೇಳಿಸಿದ ಆಕಾಶವಾಣಿಯು ತಾನು ಹೇಳಬೇಕಾದುದನ್ನು ಹೇಳಿ ಸುಮ್ಮನಾಯಿತು, 'ಏನೆಂದಿರಿ? ಇನ್ನೊಮ್ಮೆ ಹೇಳಿ' ಎಂದು ಕೇಳುವ ಅವಕಾಶ ಅವನಿಗಿರಲಿಲ್ಲ. ನಮ್ಮ ಬಾನುಲಿಯೂ ಹಾಗೆಯೇ. ಹವ್ಯಾಸಿಗಳ ರೇಡಿಯೋದಲ್ಲಾದರೋ ಕೇಳಿದವನು ಮರುಪ್ರಶ್ನೆ ಹಾಕಬಹುದು, ತಪ್ಪನ್ನು ತಿದ್ದಬಹುದು. ಅದು ವಾಣಿಯಲ್ಲ, ಸಂವಾದ. ಸುದ್ದಿಯ ಸತ್ಯಾಸತ್ಯವನ್ನು ನಿರ್ಣಯಿಸುವುದಕ್ಕೆ ಈ ಭೇದವು ಅತಿಮುಖ್ಯವಾದುದು.

ಈ ಹವ್ಯಾಸಿಗಳನ್ನು ಲೋಕವು 'ಹ್ಯಾಮ್' ಎಂದು ಕರೆಯುತ್ತದೆ. ಕೇಂದ್ರಸರಕಾರವು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಪರವಾನಗಿಯೂ ವಿಯು ಎಂದು ಮೊದಲಾಗುವ ಒಂದು ಸಂಕೇತನಾಮವೂ ದೊರೆಯುತ್ತವೆ. ಹನ್ನೆರಡು ವಯಸ್ಸಿನ ಹುಡುಗನೂ ಪರೀಕ್ಷೆಗೆ ಕೂಡಬಹುದು. ಬೆಂಗಳೂರಿನಲ್ಲಿ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ಬು ಮೊದಲಾದ ಸಂಸ್ಥೆಗಳುಂಟು. ಇಸ್ರೋ ಸಂಸ್ಥೆಯು ಹವ್ಯಾಸಿಗಳಿಗೆಂದೇ ನಿರ್ಮಿಸಿದ 'ಹ್ಯಾಮ್‌ಸ್ಯಾಟ್' ಎಂಬ ಚಿಕ್ಕ ಉಪಗ್ರಹವು 2005ನೆಯ ಮೇ 5ರಂದು ಶ್ರೀಹರಿಕೋಟೆಯಿಂದ ಏರಿ 2014ರವರೆಗೆ ಕೆಲಸ ಮಾಡಿತು. 2004ನೆಯ ಡಿಸೆಂಬರ್ 26ರ ಸುನಾಮಿಯ ಸಮಯದಲ್ಲಿ ಅಂಡಮಾನಿನಲ್ಲಿದ್ದ ಭಾರತಿ ಪ್ರಸಾದ್ ಅವರ ಹವ್ಯಾಸಿ ತಂಡವು, ಬೇರೆ ಸಂಪರ್ಕಗಳು ಕಡಿದುಹೋದಾಗ, ದ್ವೀಪಗಳ ಸುದ್ದಿಯನ್ನು ದಡಕ್ಕೆ ಮುಟ್ಟಿಸಿದ ಸಂಗತಿಯು ಸುಪ್ರಸಿದ್ಧ.

ಪ್ರಕೃತ ಬೆಂಗಳೂರಿನ ಪಶ್ಚಿಮಭಾಗಕ್ಕೆ ಬರೋಣ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮೇಲೆ ಬಿದ್ದ ಮಳೆಯು ಕಾಲುವೆಗಳ ಮೂಲಕ ವೃಷಭಾವತಿಯನ್ನು ಸೇರುತ್ತದೆ. ಆ ನದಿಯ ಒಂದು ಮೂಲವು ಮಲ್ಲೇಶ್ವರದ ಕಡೆಯದು, ಮತ್ತೊಂದು ಬಸವನಗುಡಿಯ ಕಡೆಯದು. ಹೆಸರೇ ನಂದಿಯ ಸಂಬಂಧವನ್ನು ಹೇಳುತ್ತದೆ. ಅದು ಮೈಸೂರು ರಸ್ತೆಯ ಪಕ್ಕದಲ್ಲಿ ನಾಯಂಡಹಳ್ಳಿಯನ್ನು ಹಾದು, ಕೆಂಗೇರಿಯನ್ನು ಬಳಸಿ, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಹಿಂದೆ ಈ ದಾರಿಯಲ್ಲಿ ಕೆರೆಗಳೂ ಗದ್ದೆಗಳೂ ಇದ್ದು ನೀರು ನಿಧಾನಿಸುತ್ತಿತ್ತು. ಈಗ ಕಲ್ಲುಗಾರೆಯ ಮೇಲೆ ಬಿದ್ದ ಹನಿಯು ನಿಲ್ಲದೆ ಓಡುತ್ತದೆ. ವೈಶಾಖದ ಗುಡುಗುಮಳೆಯಂತೂ ಎರಡು ಮೂರು ಮೈಲಿಗಳಷ್ಟು ಅಗಲದ ಮೋಡದಿಂದ ಸುರಿಯುವಂಥದು. ಒಂದು ಬಡಾವಣೆಯಲ್ಲಿ ಪ್ರವಾಹ, ಮಗ್ಗುಲಲ್ಲಿ ಧೂಳು. ನಗರದಲ್ಲಿ ಒಟ್ಟು 1,900 ಮಿಲಿಮೀಟರನ್ನು ಮೀರಿ ಮಳೆ ಸುರಿದ 2022ರಂಥ ವರ್ಷದಲ್ಲಿ ಕೆಂಗೇರಿಯವನಿಗೆ ಬೇಕಾಗುವುದು ಅರಮನೆ ರಸ್ತೆಯ ವೀಕ್ಷಣಾಲಯದ ಅಂಕಿಯಲ್ಲ. ರಾಜಾಜಿನಗರದ ಕಾಲುವೆಯು ಈಗ ಎಷ್ಟು ತುಂಬಿದೆಯೆಂಬ ಮಾತು.

1988ರಲ್ಲಿ ಬರಗಾಲದ ನಿಗಾ ಘಟಕವಾಗಿ ಆರಂಭವಾಗಿ ಈಗ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯು ಸ್ವಯಂಚಾಲಿತ ಮಳೆಮಾಪಕಗಳನ್ನು ಊರೂರಿಗೂ ಹಾಕಿ, ಕಾಲುಗಂಟೆಗೊಮ್ಮೆ ಲೆಕ್ಕವನ್ನು ಪಡೆಯುತ್ತಿದೆ. ಹಾಗಾದರೆ ಮನುಷ್ಯನ ಕಣ್ಣು ಏತಕ್ಕೆಂದು ವಾಚಕರು ಕೇಳಬಹುದು. ಮಾಪಕವು ಮಿಲಿಮೀಟರನ್ನು ಹೇಳುತ್ತದೆ. ಆಲಿಕಲ್ಲು ಬಿದ್ದುದನ್ನೂ, ಮರ ಉರುಳಿ ಮೋರಿಗೆ ಅಡ್ಡವಾದುದನ್ನೂ, ಕೆಳಸೇತುವೆಯಲ್ಲಿ ನೀರು ಮೊಣಕಾಲು ದಾಟಿದುದನ್ನೂ ಹೇಳುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ವಿಜಯನಗರದಲ್ಲಿ ಇಂಥ ಪರವಾನಗಿಯುಳ್ಳವನು. ಮಳೆಗಾಲಕ್ಕೆ ಮುಂಚಿನ ಒಂದು ಸಂಜೆ ಅವನ ಮಹಡಿಯ ಕೋಣೆಯಲ್ಲಿ ಕುಳಿತಿದ್ದೆ. ವಿದ್ಯುತ್ತು ಹೋಗಿತ್ತು, ಬ್ಯಾಟರಿಯಿಂದ ಯಂತ್ರ ನಡೆಯುತ್ತಿತ್ತು. ಅವನು ಒಬ್ಬೊಬ್ಬರನ್ನೇ ಸಂಕೇತನಾಮದಿಂದ ಕೂಗುವನು. ಅವರು ಸರದಿಯಂತೆ ಉತ್ತರಿಸುವರು. ಮಧ್ಯದಲ್ಲಿ ಯಾರೂ ಬಾಯಿ ಹಾಕುವಂತಿಲ್ಲ. ರಾಜಾಜಿನಗರದಿಂದ ಆಲಿಕಲ್ಲು ಎಂದು ಬಂತು. ಬಸವೇಶ್ವರನಗರದವರು ಗಾಳಿ ಜೋರಾಗಿದೆ, ಕಾಲುವೆ ಅರ್ಧ ಏರಿದೆ ಎಂದರು. ನಾಗರಭಾವಿಯಲ್ಲಿ ಹನಿ ಮಾತ್ರ. ಕೆಂಗೇರಿಯವನು, 'ಇಲ್ಲಿ ನೆಲ ಒಣಗಿದೆ, ಆಕಾಶ ಶುಭ್ರ' ಎಂದನು. ನನ್ನ ಶಿಷ್ಯನು ಅವನಿಗೆ ಬಸವೇಶ್ವರನಗರದ ಮಾತನ್ನು ಮತ್ತೊಮ್ಮೆ ಓದಿ ಹೇಳಿ, 'ಹೊಳೆಯ ಕಡೆ ಒಮ್ಮೆ ನೋಡಿ ಬನ್ನಿ' ಎಂದನು. ಆಗ ನನಗೆ ವರಾಹಮಿಹಿರನ ನಾಲ್ವರು ಥಟ್ಟನೆ ನೆನಪಾದರು. ಇಲ್ಲಿ ಪೋಷಿಸುವ ರಾಜನಿಲ್ಲ, ಸಂಬಳವಿಲ್ಲ. ಮೇಲಾಗಿ ನಾಲ್ವರೂ ತಮ್ಮತಮ್ಮೊಳಗೇ ಕೇಳಿಸಿಕೊಳ್ಳುತ್ತಿದ್ದರು.

ಅವನು ಪ್ರತಿಯೊಂದನ್ನೂ ಒಂದು ದಫ್ತರದಲ್ಲಿ ಬರೆಯುತ್ತಿದ್ದನು: ತೇದಿ, ಗಂಟೆ, ಆವರ್ತಾಂಕ, ಸಂಕೇತನಾಮ, ಕೇಳಿದ ಮಾತು. ಹವ್ಯಾಸಿಗಳಲ್ಲಿ ಇದು ಹಳೆಯ ಶಿಸ್ತು. ಇಂಥ ದಫ್ತರಗಳು ಬೆಂಗಳೂರಿನ ಮನೆಗಳಲ್ಲಿ ಹಲವು ದಶಕಗಳಿಂದ ಸೇರಿರಬೇಕು. ಯಜಮಾನನು ತೀರಿಕೊಂಡ ಮೇಲೆ ಯಂತ್ರಕ್ಕೆ ಬೆಲೆ ಬರುತ್ತದೆ, ದಫ್ತರವು ರದ್ದಿಗೆ ಹೋಗುತ್ತದೆ. ಓಲೆಗರಿಗಳನ್ನು ಹುಡುಕಿಕೊಂಡು ಹಳ್ಳಿಹಳ್ಳಿ ಅಲೆದ ನಮ್ಮ ಹಿರಿಯರಿಗೆ ಈ ಸ್ಥಿತಿ ಅಪರಿಚಿತವಾದುದಲ್ಲ. ರಟ್ಟಮತವನ್ನು ಅಭ್ಯಸಿಸುವವನಿಗೆ ಆ ಕಾಲದ ಮಳೆ ನಿಜವಾಗಿ ಹೇಗೆ ಬಿತ್ತೆಂದು ತಿಳಿಯಲು ಸಾಧನವಿಲ್ಲ. ವೃಷಭಾವತಿಯ ಚರಿತ್ರೆಯನ್ನು ಬರೆಯುವವನಿಗೆ ಸಾಧನವುಂಟು, ಈಗಲೇ ಕೂಡಿಸಿಟ್ಟರೆ. ಪರಿಷತ್ತುಗಳ ಹಸ್ತಪ್ರತಿವಿಭಾಗಗಳು ಇವನ್ನೂ ಹಸ್ತಪ್ರತಿಗಳೆಂದೇ ಎಣಿಸಿ ಸ್ವೀಕರಿಸಬೇಕೆಂಬುದು ನನ್ನ ಸೂಚನೆ.

ಆ ಸಂಜೆಯ ಪುಟವನ್ನು ಮರುದಿನ ನಕಲು ಮಾಡಿಕೊಂಡೆನು. ಕೆಂಗೇರಿಯ ಎದುರಿನಲ್ಲಿ ಎರಡು ಸಾಲುಗಳಿದ್ದುವು. ಒಂದು: ನೆಲ ಒಣ, ಆಕಾಶ ಶುಭ್ರ. ಅದರ ಕೆಳಗೆ, ಸುಮಾರು ಒಂದು ಗಂಟೆಯ ಅಂತರದಲ್ಲಿ: ಮಳೆಯಿಲ್ಲ, ಹೊಳೆ ಏರುತ್ತಿದೆ, ದಂಡೆಯ ಮೂರು ಮನೆಯವರಿಗೆ ಹೇಳಿ ಬಂದೆ.