ಎಣಿಸುವ ಭಾಷೆ ಮತ್ತು ಲಘು ತಲೆಪೆಟ್ಟು: ಪುಣೆಯ ಕನ್ನಡಿಗರನ್ನು ಕುರಿತ ಒಂದು ವಿಚಾರ

ಲಘು ತಲೆಪೆಟ್ಟು ಎಂದರೇನು ಎಂಬ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. 1974ರ ಗ್ಲಾಸ್ಗೋ ಕೋಮಾ ಮಾಪಕದಲ್ಲಿ 13ರಿಂದ 15 ಅಂಕ, ಅರ್ಧ ಗಂಟೆ ಮೀರದ ಪ್ರಜ್ಞಾಹೀನತೆ, ಒಂದು ದಿನ ಮೀರದ ಮರೆವು: ಇಷ್ಟಿದ್ದರೆ ಪೆಟ್ಟು ಲಘು. ಭಾರತದಲ್ಲಿ ತಲೆಪೆಟ್ಟುಗಳ ಪೈಕಿ ಶೇ. 60ರಷ್ಟಕ್ಕೆ ರಸ್ತೆ ಅಪಘಾತಗಳೇ ಕಾರಣವೆಂದು ನಿಮ್ಹಾನ್ಸ್‌ನ ಜಿ. ಗುರುರಾಜ್ 2002ರಲ್ಲೇ ಬರೆದಿದ್ದರು. ದ್ವಿಚಕ್ರ ವಾಹನಗಳ ನಗರವಾದ ಪುಣೆಯಲ್ಲಿ 2019ರ ಆರಂಭದಲ್ಲಿ ಹೆಲ್ಮೆಟ್ ಕಡ್ಡಾಯವನ್ನು ಬಿಗಿಗೊಳಿಸಿದಾಗ ಎದ್ದ ವಿರೋಧವನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಪರಿಣಾಮ ಎಷ್ಟು ಕಾಲ ಉಳಿಯುತ್ತದೆ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಬಹುಪಾಲು ಜನ ಕೆಲವೇ ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆಂಬುದು ಹಳೆಯ ನಂಬಿಕೆ. 2019ರ ಅಮೆರಿಕದ ಅಧ್ಯಯನವೊಂದು, ವರ್ಷ ಕಳೆದ ಮೇಲೂ ಇಂಥವರಲ್ಲಿ ಶೇ. 53ರಷ್ಟು ಮಂದಿಗೆ ದಿನನಿತ್ಯದ ಬದುಕಿನಲ್ಲಿ ತೊಡಕು ಉಳಿದಿತ್ತೆಂದಿತು. ತಲೆಗೆ ಪೆಟ್ಟಾಗದೆ ಕೈಕಾಲಿಗೆ ಗಾಯವಾದವರಲ್ಲಿ ಆ ಪ್ರಮಾಣ ಶೇ. 38 ಇತ್ತು.

ಭಾಷೆಯ ವಿಚಾರ ಇಲ್ಲಿ ಬೇರೊಂದು ದಾರಿಯಿಂದ ಬಂದಿದೆ. ಸುವರ್ಣ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಹೈದರಾಬಾದಿನಲ್ಲಿ ಪಾರ್ಶ್ವವಾಯು ಪೀಡಿತ 608 ಜನರನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ. 40.5ರಷ್ಟು ಮಂದಿಯ ಗ್ರಹಣಶಕ್ತಿ ಸಹಜವಾಗಿ ಉಳಿದಿತ್ತು, ಒಂದೇ ಭಾಷೆಯವರಲ್ಲಿ ಶೇ. 19.6 ಮಾತ್ರ ಎಂದು 2016ರಲ್ಲಿ ತೋರಿಸಿದರು. ಈ ಮಹತ್ವದ ಫಲಿತಾಂಶವನ್ನು ಲಘು ತಲೆಪೆಟ್ಟಿಗೂ ಹಿಗ್ಗಿಸಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಪುಣೆಯ ಕನ್ನಡಿಗನಿಗೂ ಅದೇ ಆಸರೆ ಇದೆ ಎನ್ನುವುದು ಸುಲಭ. ನನಗೆ ಅದು ಅವಸರದ ಮಾತೆನಿಸುತ್ತದೆ. ಪಾರ್ಶ್ವವಾಯುವಿನ ನಂತರದ ನಷ್ಟ ದೊಡ್ಡದು, ಒರಟು ಅಳತೆಗೂ ಸಿಕ್ಕುತ್ತದೆ. ಲಘು ಪೆಟ್ಟಿನ ನಷ್ಟ ಒಂದೆರಡು ಅಂಕಗಳಲ್ಲಿ ಅಡಗಿರುತ್ತದೆ. ಅಷ್ಟು ಸಣ್ಣ ನಷ್ಟವನ್ನು ಅಳೆಯಲು ಹೊರಟಾಗ ಅಳತೆಗೋಲನ್ನೇ ಮೊದಲು ಪರೀಕ್ಷಿಸಬೇಕು.

ಆ ಅಳತೆಗೋಲುಗಳಲ್ಲಿ ಬಹಳ ಬಳಕೆಯದು ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಹೇಳುವ ಪರೀಕ್ಷೆ. ಕನ್ನಡದ ಒಂದರಿಂದ ಒಂಬತ್ತರವರೆಗಿನ ಪದಗಳನ್ನು ಉಚ್ಚಾರದ ಅಕ್ಷರಗಳಾಗಿ ಬಿಡಿಸಿದರೆ ಒಟ್ಟು 20 ಆಗುತ್ತವೆ. 'ಎರಡು', 'ಒಂಬತ್ತು' ಪದಗಳಿಗೆ ಮೂರು ಮೂರು ಅಕ್ಷರ, ಉಳಿದವಕ್ಕೆ ಎರಡೆರಡು. ಮರಾಠಿಯ ಏಕ್, ದೋನ್, ತೀನ್, ಚಾರ್, ಪಾಚ್, ಸಹಾ, ಸಾತ್, ಆಠ್, ನಊ ಸೇರಿ 11. ಕಿವಿಗೆ ಬಿದ್ದ ಪದಗಳನ್ನು ಒಳಗೊಳಗೇ ಉಚ್ಚರಿಸಿಕೊಳ್ಳುವುದರಿಂದ ಅವು ನೆನಪಿನಲ್ಲಿ ನಿಲ್ಲುತ್ತವೆ, ಆದ್ದರಿಂದ ಉದ್ದ ಪದಗಳು ಕಡಿಮೆ ಸಂಖ್ಯೆಯಲ್ಲಿ ಉಳಿಯುತ್ತವೆ ಎಂಬುದನ್ನು ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದ್ದರು. ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರು ವೆಲ್ಷ್‌ನಲ್ಲಿ ಕಡಿಮೆ ಅಂಕಿಗಳನ್ನು ನೆನಪಿಡುವುದನ್ನು ಎಲಿಸ್ ಮತ್ತು ಹೆನೆಲಿ 1980ರಲ್ಲಿ ಗುರುತಿಸಿದರು. ನವೆ-ಬೆಂಜಮಿನ್ ಮತ್ತು ಏಯರ್ಸ್ 1986ರಲ್ಲಿ ನಾಲ್ಕು ಭಾಷೆಗಳನ್ನು ಹೋಲಿಸಿದಾಗ ಇಂಗ್ಲಿಷ್ ಮೇಲಿತ್ತು, ಅರೇಬಿಕ್ ಕೆಳಗಿತ್ತು, ಸ್ಪ್ಯಾನಿಶ್ ನಡುವೆ ನಿಂತಿತ್ತು. ಹೀಗಿರುವಾಗ ಮರಾಠಿಯವರ ಸರಾಸರಿಗೆ ಹೋಲಿಸಿ ಕನ್ನಡದಲ್ಲಿ ಎಣಿಸುವವನ ಸ್ಮೃತಿ ಕುಗ್ಗಿದೆ ಎಂದು ಬರೆದರೆ, ಆ ಕುಗ್ಗುವಿಕೆಯ ಒಂದು ಪಾಲು ಪೆಟ್ಟಿನದಲ್ಲ, ಪದದ ಉದ್ದದ್ದು. ತಿರುಗುಮುರುಗೂ ಆಗಬಹುದು: ಮರಾಠಿ ಶಾಲೆಯಲ್ಲಿ ಮಗ್ಗಿ ಕಲಿತ ಕನ್ನಡಿಗನನ್ನು ಮರಾಠಿಯಲ್ಲಿ ಪರೀಕ್ಷಿಸಿ ಬೆಂಗಳೂರಿನ ಕನ್ನಡಿಗರ ಸರಾಸರಿಗೆ ಹೋಲಿಸಿದರೆ ನಿಜವಾದ ನಷ್ಟವೇ ಮರೆಯಾಗುತ್ತದೆ. ಎರಡನೆಯ ತಪ್ಪು ಹೆಚ್ಚು ಕ್ರೂರವಾದದ್ದು. ತಲೆಭಾರ, ಮರೆವು ಎಂದು ದೂರುವವನಿಗೆ ಏನೂ ಆಗಿಲ್ಲವೆಂದು ಮನೆಗೆ ಕಳಿಸುತ್ತದೆ.

ಆಡುಮಾತಿನಲ್ಲಿ ಕನ್ನಡ ಇಷ್ಟು ಉದ್ದವಿಲ್ಲ, ಎರಡು 'ಎರ್ಡು' ಆಗುತ್ತದೆ, ವಿಜಯಪುರ, ಕಲಬುರಗಿ ಕಡೆಯವರ ನಾಲಿಗೆಯಲ್ಲಿ ನಾಲ್ಕು 'ನಾಕು' ಆಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಂತರ ತಗ್ಗುತ್ತದೆ, ಆದರೆ ಅಳಿಯುವುದಿಲ್ಲ. ಇನ್ನೂ ಬಲವಾದ ಆಕ್ಷೇಪವೊಂದಿದೆ: ಲಘು ಪೆಟ್ಟು ಮುಖ್ಯವಾಗಿ ಕೆಡಿಸುವುದು ಗಮನವನ್ನು, ಯೋಚನೆಯ ವೇಗವನ್ನು, ಅಂಕಿ ನೆನಪಿನ ಪರೀಕ್ಷೆಗೆ ಇಷ್ಟು ಮಹತ್ವ ಏಕೆ? ಇದನ್ನು ಒಪ್ಪಿದ ಮೇಲೂ ನನ್ನ ವಾದ ಸಡಿಲವಾಗುವುದಿಲ್ಲ. ಇಂಥ ಪೆಟ್ಟಿನ ಚೇತರಿಕೆ ಅಳೆಯಲೆಂದೇ ನ್ಯೂಜಿಲೆಂಡಿನ ಡೊರೊತಿ ಗ್ರಾನ್ವಾಲ್ 1970ರ ದಶಕದಲ್ಲಿ ಬಳಕೆಗೆ ತಂದ ಪರೀಕ್ಷೆಯಲ್ಲಿ ಅಂಕಿಗಳು ಒಂದೆರಡು ಸೆಕೆಂಡಿನ ಅಂತರದಲ್ಲಿ ಬರುತ್ತವೆ. ಕೇಳಿದ ಅಂಕಿಯನ್ನು ಹಿಂದಿನದಕ್ಕೆ ಕೂಡಿಸಿ ಮುಂದಿನದು ಬರುವಷ್ಟರಲ್ಲಿ ಹೇಳಬೇಕು. ಮರಾಠಿಯವನು 'ಸತ್ರಾ' ಎಂದು ಎರಡಕ್ಷರದಲ್ಲಿ ಮುಗಿಸುವ ಉತ್ತರಕ್ಕೆ ಕನ್ನಡಿಗ 'ಹದಿನೇಳು' ಎಂದು ನಾಲ್ಕಕ್ಷರ ಉಚ್ಚರಿಸಬೇಕು. ವೇಗವೇ ಪರೀಕ್ಷೆಯ ಜೀವವಾದಾಗ ಇದು ಸಣ್ಣ ವ್ಯತ್ಯಾಸವಲ್ಲ.

ಆದರೂ ಈ ವಾದದ ಮಿತಿಯನ್ನು ಹೇಳಲೇಬೇಕು. ತಲೆ ಗಿರ್ರನೆ ತಿರುಗುವುದು, ನಿದ್ದೆಗೇಡು, ಸಿಡುಕು ಇವು ಪದದ ಉದ್ದದಿಂದ ಹುಟ್ಟಿದವಲ್ಲ. ಪೆಟ್ಟಿನ ದೀರ್ಘ ಪರಿಣಾಮವೇ ಭಾಷೆಯ ಭ್ರಮೆ ಎಂದು ನಾನು ಹೇಳುತ್ತಿಲ್ಲ. ಬಹುಭಾಷಿಕತೆಯ ಆಸರೆಯನ್ನೂ ಅಲ್ಲಗಳೆಯುತ್ತಿಲ್ಲ. ಲಘು ಪೆಟ್ಟಿನಲ್ಲಿ ಅದು ಈ ಅಳತೆಯ ದೋಷ ಕಳೆದ ಮೇಲೆ ತೀರ್ಮಾನವಾಗಬೇಕಾದ ಪ್ರಶ್ನೆ. ಅದಕ್ಕೆ ಬೇಕಾದ ಕೆಲಸ ದುಬಾರಿಯದಲ್ಲ. ಅಪಘಾತದಲ್ಲಿ ತಲೆಗೆ ಪೆಟ್ಟಾದವರನ್ನೂ ಕೈಕಾಲಿಗೆ ಮಾತ್ರ ಗಾಯವಾದವರನ್ನೂ ಕನ್ನಡ, ಮರಾಠಿ ಎರಡರಲ್ಲೂ ಪರೀಕ್ಷಿಸಬೇಕು. ತೋರಿಸಿದ ಕ್ರಮದಲ್ಲೇ ದಿಮ್ಮಿಗಳನ್ನು ಮುಟ್ಟುವ, ಮಾತೇ ಬೇಡದ ಕೋರ್ಸಿ ಪರೀಕ್ಷೆಯನ್ನು ಜತೆಗಿಡಬೇಕು. ಇದು ಕೆಲವೇ ಜನರ ಪ್ರಶ್ನೆಯಲ್ಲ: 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಇಂಥ ಅಧ್ಯಯನ ಆಗುವವರೆಗೆ ಪುಣೆಯ ವೈದ್ಯರು ಒಂದು ಕೆಲಸವನ್ನಾದರೂ ಮಾಡಲಿ: ಪರೀಕ್ಷೆಗೆ ಮುನ್ನ, ಲೆಕ್ಕವನ್ನು ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಮಾಡುತ್ತೀರಿ ಎಂದು ಕೇಳಿ, ಉತ್ತರವನ್ನು ಕೇಸ್ ಪೇಪರಿನಲ್ಲಿ ಬರೆದಿಡಲಿ.