ಅದ್ಭುತಕಥೆಯೂ ನಮ್ಮ ಓದುಗರೂ

ಅದ್ಭುತಕಥೆಯು ಬಾಲಿಶವಾದುದೆಂಬ ಅಭಿಪ್ರಾಯವು ವಿದ್ಯಾವಂತರಲ್ಲಿ ಬಹುಕಾಲದಿಂದ ಉಂಟು. ಅಮರಸಿಂಹನಾದರೋ, ತಿಳಿದ ವೃತ್ತಾಂತವನ್ನು ಹೇಳುವುದು ಆಖ್ಯಾಯಿಕೆ, ಕಲ್ಪಿಸಿ ರಚಿಸಿದುದು ಕಥೆ ಎಂದು ಎರಡಕ್ಕೂ ಸ್ಥಾನವಿತ್ತಿರುವನು. ೭ನೆಯ ಶತಮಾನದ ಬಾಣನು ಎರಡನ್ನೂ ಬರೆದನು: ‘ಹರ್ಷಚರಿತ’ವು ಆಖ್ಯಾಯಿಕೆ, ‘ಕಾದಂಬರಿ’ಯು ಕಥೆ. ಗಿಳಿಯು ಮಾತನಾಡುವ, ಸತ್ತವರು ಮರಳಿ ಹುಟ್ಟುವ ಆ ಗ್ರಂಥದ ಹೆಸರನ್ನೇ ಕನ್ನಡಿಗರು ನಾವೆಲ್ಲಿಗೆ ಇಟ್ಟುಕೊಂಡರು.

ನಮ್ಮ ಸೀಮೆಗೆ ಈ ರಸವನ್ನು ತಿಂಗಳು ತಿಂಗಳು ತಂದುಕೊಟ್ಟುದು ಮದರಾಸಿನ ‘ಚಂದಮಾಮ’. ಅದು ೧೯೪೭ರ ಜುಲೈಯಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ, ೧೯೪೯ರಲ್ಲಿ ಕನ್ನಡಕ್ಕೂ ಬಂದಿತು. ದಾಸರಿ ಸುಬ್ರಹ್ಮಣ್ಯಂ ಅವರು ೧೯೫೪ರಲ್ಲಿ ‘ತೋಕಚುಕ್ಕ’ ಎಂಬ ಧೂಮಕೇತುವಿನ ಕಥೆಯಿಂದ ತೊಡಗಿ ಅನೇಕ ಮಾಂತ್ರಿಕ ಧಾರಾವಾಹಿಗಳನ್ನು ಅದರಲ್ಲಿ ಬರೆದರು. ಎರಡು ಭಾಷೆಗಳ ನಮ್ಮ ಬಳ್ಳಾರಿಯಲ್ಲಿ ಒಂದೇ ಮನೆಯವರು ಅವನ್ನು ಎರಡರಲ್ಲಿಯೂ ಓದುತ್ತಿದ್ದರು.

ಅಭಿಪ್ರಾಯಗಳು ಮಾತ್ರ ಒಂದಾಗಿರಲಿಲ್ಲ. ಮಾಂತ್ರಿಕನು ಬಂದೊಡನೆ ಮುಂದಿನದು ತಿಳಿಯುವುದೆಂದು ಬಳ್ಳಾರಿಯ ಮಿತ್ರರೊಬ್ಬರು ಆಕ್ಷೇಪಿಸುತ್ತಿದ್ದರು. ನಾಯಕನು ವರಬಲದಿಂದಲ್ಲ, ಬುದ್ಧಿಬಲದಿಂದ ಗೆಲ್ಲುವನಲ್ಲವೆ, ಅದೇ ಸೊಗಸೆಂದು ಸಿರುಗುಪ್ಪದ ರೈತರೊಬ್ಬರು ಉತ್ತರವಿತ್ತರು. ನನಗೆ ಎರಡನೆಯದೇ ಸರಿಯೆಂದು ತೋರುತ್ತದೆ. ಆದರೆ ಅದು ತೋರಿದ್ದು ತಡವಾಗಿ.

ಕುರುಗೋಡಿನಲ್ಲಿ ಪಾಠ ಹೇಳುತ್ತಿದ್ದಾಗ ಬಾಲಕನೊಬ್ಬನ ಕೈಯಿಂದ ಆ ಪತ್ರಿಕೆಯನ್ನು ಕಸಿದುಕೊಂಡೆನು. ಪಾಠಶಾಲೆಯಲ್ಲಿ ‘ಕಾದಂಬರಿ’ಯನ್ನು ಓದಿ ಗುರುಗಳಿಂದ ಹೊಗಳಿಸಿಕೊಂಡವನು ನಾನು, ಅದೇ ಜಾತಿಯ ಕಥೆಯನ್ನು ಓದಿದ್ದಕ್ಕೆ ಅವನನ್ನು ದಂಡಿಸಿದೆನು. ಮರುದಿನ ಪತ್ರಿಕೆಯನ್ನು ಹಿಂದಿರುಗಿಸಿದೆನು. ಅವನು ತಲೆತಗ್ಗಿಸಿ ತೆಗೆದುಕೊಂಡನು. ಆಮೇಲೆ ಆ ವರ್ಷವೆಲ್ಲ ಪಠ್ಯವಲ್ಲದ ಯಾವ ಪುಸ್ತಕವನ್ನೂ ಅವನ ಕೈಯಲ್ಲಿ ನಾನು ಕಾಣಲಿಲ್ಲ.

‘ಚಂದಮಾಮ’ವು ಈಗ ನಿಂತುಹೋಗಿದೆ. ಮಕ್ಕಳು ಬೇರೆ ಅದ್ಭುತಗಳನ್ನು ಹುಡುಕಿಕೊಂಡಿರುವರು. ಅವನ್ನು ನಿಂದಿಸುವ ಮೊದಲು ಹಿರಿಯರು ಒಂದನ್ನಾದರೂ ಕಡೆತನಕ ಓದಿ ನೋಡಬೇಕೆಂಬುದು ನನ್ನ ವಿಜ್ಞಾಪನೆ.