ರಾಣಿಯ ಹೆಸರಿನ ಪಟ್ಟು

ಚದುರಂಗದಲ್ಲಿ ರಾಜನ ಪಕ್ಕದ ಕಾಯಿಯನ್ನು ನಾವು ಇಂದಿಗೂ ಮಂತ್ರಿ ಎನ್ನುತ್ತೇವೆ. ಭಾರತದಿಂದ ಪಾರಸಿಕರಿಗೆ, ಅಲ್ಲಿಂದ ಅರಬರಿಗೆ ಹೋದ ಆಟದಲ್ಲಿಯೂ ಅವನು ಮಂತ್ರಿಯೇ. ನಡೆ ಮಾತ್ರ ಓರೆಯಾಗಿ ಒಂದೇ ಮನೆ. ಯೂರೋಪಿನಲ್ಲಿ ಆ ಕಾಯಿ ರಾಣಿಯಾಯಿತು. ಹದಿನೈದನೆಯ ಶತಮಾನದ ಕೊನೆಯಲ್ಲಿ ಎಂಟು ದಿಕ್ಕಿಗೂ ಬೇಕಾದಷ್ಟು ದೂರ ನಡೆಯುವ ಅಧಿಕಾರ ಅದಕ್ಕೆ ಬಂದಿತು.

ಮಣೆಯ ಮೇಲಿನ ರಾಣಿಗೆ ದೊರೆತ ಈ ಮನ್ನಣೆ ಮಣೆಯ ಮುಂದೆ ಕೂರುವ ಹೆಣ್ಣಿಗೆ ದೊರೆಯಲು ನಾಲ್ಕು ಶತಮಾನಗಳೇ ಹಿಡಿದುವು. ಮಹಿಳೆಯರ ಮೊದಲ ವಿಶ್ವ ಪಂದ್ಯ ನಡೆದುದು 1927ರಲ್ಲಿ, ಲಂಡನ್ನಿನಲ್ಲಿ. ಗೆದ್ದವರು ವೆರಾ ಮೆಂಚಿಕ್. 1929ರಲ್ಲಿ ಅವರು ಕಾರ್ಲ್ಸ್‌ಬಾಡಿನ ಪಂದ್ಯದಲ್ಲಿ ಗಂಡಸರೊಡನೆ ಆಡಲು ಬಂದಾಗ, ಆಕೆಗೆ ಸೋತವರದೊಂದು ಸಂಘ ಕಟ್ಟೋಣವೆಂದು ಆಲ್ಬರ್ಟ್ ಬೆಕರ್ ಹಾಸ್ಯಮಾಡಿದರಂತೆ. ಸಂಘದ ಮೊದಲ ಸದಸ್ಯರು ಅವರೇ ಆದರು!

ರಾಣಿಯ ಹೆಸರು ಹೊತ್ತ ಹಳೆಯ ಆರಂಭವೊಂದಿದೆ: ಕ್ವೀನ್ಸ್ ಗ್ಯಾಂಬಿಟ್. ಗ್ಯಾಂಬಿಟ್ ಎಂಬುದು ಇಟಲಿಯ ಕುಸ್ತಿಯ ಮಾತಿನಿಂದ ಬಂದುದು. ಕಾಲುಕೊಟ್ಟು ಕೆಡಹುವ ಪಟ್ಟು ಎಂದರ್ಥ. ಸ್ಪೇನಿನ ಪಾದ್ರಿ ರುಯ್ ಲೋಪೆಜ್ 1561ರ ತಮ್ಮ ಗ್ರಂಥದಲ್ಲಿ ಆ ಮಾತನ್ನು ಚದುರಂಗಕ್ಕೆ ತಂದರು. ಬಿಳಿಯ ಪಕ್ಷ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತದೆ. ಕರಿಯ ಪಕ್ಷವೂ ಹಾಗೆಯೇ. ಆಗ ಬಿಳಿಯದು ರಾಣಿಯ ಪಕ್ಕದ ಒಂಟೆಯ ಕಾಲಾಳನ್ನೂ ಎರಡು ಮನೆ ಮುಂದಿಟ್ಟು, ಬೇಕಾದರೆ ಹೊಡೆ ಎನ್ನುತ್ತದೆ. ಹೊಡೆದರೆ ಕರಿಯ ಕಾಲಾಳು ನಡುಮಣೆಯಿಂದ ಬದಿಗೆ ಸರಿದು, ನಡುವಿನ ನೆಲ ಬಿಳಿಯದಕ್ಕೆ ತೆರವಾಗುತ್ತದೆ. ಕೊಟ್ಟ ಕಾಲಾಳಿನ ಸಾಲವೂ ಸಾಮಾನ್ಯವಾಗಿ ತೀರುತ್ತದೆ. ಆದರೆ ಹೊಡೆದವರಿಗೂ ತಮ್ಮ ಕಾಯಿಗಳನ್ನು ಸಲೀಸಾಗಿ ಹೊರತರಲು ದಾರಿ ಸಿಕ್ಕುತ್ತದೆ. ಆದುದರಿಂದಲೇ ಈ ಪಟ್ಟು ಇನ್ನೂ ಹಳತಾಗಿಲ್ಲ.

2025ರ ಜುಲೈ 26ರಂದು ಜಾರ್ಜಿಯದ ಬತುಮಿಯಲ್ಲಿ ಮಹಿಳೆಯರ ವಿಶ್ವಕಪ್ಪಿನ ಅಂತಿಮ ಸ್ಪರ್ಧೆ ಮೊದಲಾದುದು ಇದೇ ನಡೆಗಳಿಂದ. ಮಣೆಯ ಎರಡೂ ಕಡೆ ಭಾರತದವರೇ. ಆಂಧ್ರದ ಶ್ರೀಮತಿ ಕೊನೇರು ಹಂಪಿಯವರು 2002ರಲ್ಲಿ, ಹದಿನೈದರ ವಯಸ್ಸಿನಲ್ಲಿಯೇ ಗ್ರ್ಯಾಂಡ್‌ಮಾಸ್ಟರ್ ಆದವರು. ನಾಗಪುರದ ಕುಮಾರಿ ದಿವ್ಯಾ ದೇಶಮುಖ್ ಹತ್ತೊಂಬತ್ತರ ಹುಡುಗಿ. ಆ ಬಿರುದು ಅವರಿಗಿನ್ನೂ ಬಂದಿರಲಿಲ್ಲ. ಹಂಪಿಯವರು ಆ ಬಿರುದು ಪಡೆದಾಗ ಇವರಿನ್ನೂ ಹುಟ್ಟಿರಲಿಲ್ಲ!

ದಿವ್ಯಾ ಕಾಲಾಳನ್ನು ಒಡ್ಡಿದರು, ಹಂಪಿ ಹೊಡೆದರು. ಮುಂದೆ ದಿವ್ಯಾ ಅವರ ಕೈ ಮೇಲಾಗಿತ್ತು; ಆದರೂ ಹಂಪಿಯವರ ಅನುಭವ ಬಿಟ್ಟುಕೊಡಲಿಲ್ಲ. ಆಟ ಸಮವಾಯಿತು. ಮರುದಿನದ ಆಟವೂ ಸಮ. 28ರಂದು ಅಲ್ಪಕಾಲದ ಎರಡು ಆಟಗಳನ್ನು ಆಡಿಸಿದರು. ಮೊದಲನೆಯದು ಸಮವಾಗಿ, ಎರಡನೆಯದನ್ನು ದಿವ್ಯಾ ಕರಿಯ ಕಾಯಿಗಳಿಂದ ಗೆದ್ದರು. ವಿಶ್ವಕಪ್ಪಿನೊಡನೆ ಗ್ರ್ಯಾಂಡ್‌ಮಾಸ್ಟರ್ ಬಿರುದೂ ಅವರದಾಯಿತು.

ಆರಂಭದ ಪಟ್ಟು ಗೆಲವನ್ನು ಕೈಗಿಡಲಾರದು. ಹೋರಾಡಲು ನೆಲವನ್ನಷ್ಟೇ ಕೊಡುತ್ತದೆ. ಆ ನೆಲ ಹೆಣ್ಣುಮಕ್ಕಳಿಗೆ ತಡವಾಗಿ ದೊರೆಯಿತು. ಇನ್ನು ನಮ್ಮ ಮನೆಗಳಲ್ಲಿ ಮಣೆ ಹಾಸಿದಾಗ ಮಗಳನ್ನೂ ಕರೆದು ಎದುರಿಗೆ ಕೂರಿಸೋಣ.